ಅಸ್ತರು

"ಸೆವರೀನಾ, ಕ್ಲಬ್ಬಿನ ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿತು,
ನಾಟಕದ ಕೋಟಂತೆ, ದೊರೆಗಳ ಕಾಲದ್ದು.
ಅಸ್ತರು ಕಿತ್ತು ಹೊಸ ಸ್ಯಾಟಿನ್ ಹಾಕು,
ಸಮಾರಂಭಕ್ಕೆ ತೊಡಬೇಕು" ಎಂದರು ಮಂದಣ್ಣ,
ಜೀಪಿನ ಎಂಜಿನ್ ಆರಿಸದೆ.

ವಿರಾಜಪೇಟೆಯ ಸಂತ ಅನ್ನಮ್ಮನ ಗಂಟೆ ಹನ್ನೆರಡು ಹೊಡೆದಾಗ
ಬ್ಲೇಡು ಹಿಡಿದು ಕೂತೆ.
ಕಂಕುಳ ಹತ್ತಿರದ ಹೊಲಿಗೆ ಕಂಡದ್ದೇ ಗೊತ್ತಾಯಿತು,
ಇದು ನಮ್ಮ ಮನೆಯ ಕೈ.
ಎರಡು ಮುಂದೆ, ಒಂದು ಹಿಂದೆ.
ಮುತ್ತಜ್ಜ ಇನಾಸ ಅಜ್ಜನಿಗೆ, ಅಜ್ಜ ಅಪ್ಪನಿಗೆ,
ಅಪ್ಪ, ಗಂಡುಮಕ್ಕಳಿಲ್ಲವೆಂದು, ನನಗೆ.

ಇನಾಸಜ್ಜನ ಕಥೆ ನಮ್ಮಲ್ಲಿ
ಕ್ರಿಸ್ಮಸ್ಸಿನ ಹಂದಿಮಾಂಸದ ಜೊತೆ ಬಡಿಸುವಂಥದ್ದು:
ಬಾಯಲ್ಲಿ ಗುಂಡುಸೂಜಿ ಕಚ್ಚಿ, ಮಂಡಿಯೂರಿ,
ದೊರೆಸಾನಿಯರ ಲಂಗದ ಅಂಚು ಮಡಿಸುತ್ತ
ತಾಲೀಮಿನಲ್ಲಿ ಇಡೀ ನಾಟಕ ಕೇಳಿದನಂತೆ.
ಇಂಗ್ಲಿಷು ಬಾರದು. ನಗು ಎಲ್ಲಿ ಬೀಳುತ್ತದೆಂದು ಬರುತ್ತಿತ್ತು.
ಮೂರನೇ ವಾರ ಅವನೂ ನಕ್ಕು
ಒಂದು ಸೂಜಿ ನುಂಗಿದನಂತೆ.
ಅಪ್ಪ ಇದನ್ನು ಒಪ್ಪುತ್ತಿರಲಿಲ್ಲ.

ಬರೆದವನು ಆ ಚಳಿಗಾಲ ಲಂಡನ್ನಿನ ಕಣ್ಮಣಿ.
ಒಂದೇ ಹೊತ್ತಿಗೆ ಎರಡು ರಂಗಮಂದಿರದಲ್ಲಿ ಅವನ ಆಟ,
ಕೋಟಿನ ಕಾಜದಲ್ಲಿ ಹೂವು.
ಅವನು ಬಾಯಿ ತೆರೆದರೆ
ಊಟಕ್ಕೆ ಕರೆದವರ ತಟ್ಟೆ ಆರುತ್ತಿತ್ತು.
ನಾಟಕದ ತುಂಬ ಎರಡೆರಡು ಹೆಸರಿನ ಜನ,
ಪೇಟೆಗೊಂದು ಹೆಸರು, ಹಳ್ಳಿಗೊಂದು.
ಸುಳ್ಳು ಸಿಕ್ಕಿಬಿದ್ದಾಗಲೆಲ್ಲ ಒಂದು ಮದುವೆ.

ಹೂಮಳೆ ಬಿದ್ದು ಕಾಫಿ ಬೆಳ್ಳಗೆ ಬಿರಿದ ವಾರ
ಹಡಗು, ರೈಲು, ಎತ್ತಿನ ಗಾಡಿ ಹತ್ತಿಳಿದು
ಹಳಸಿದ ಪತ್ರಿಕೆ ಬಂತು.
ಗಂಡಸೊಬ್ಬನನ್ನು ಪ್ರೀತಿಸಿದ್ದಕ್ಕೆ
ಬರೆದವನು ಕಟಕಟೆಯಲ್ಲಿದ್ದ.

ಬಟ್ಟೆ ಹೊಲಿದಾಗಿತ್ತು, ಟಿಕೆಟು ಹರಿದಾಗಿತ್ತು,
ಆಟ ಬಿಡಲು ಯಾರಿಗೂ ಮನಸ್ಸಿಲ್ಲ.
ಕಾರ್ಯದರ್ಶಿ ದೊರೆ ಗಂಜಿಯ ಅಂಟು ತರಿಸಿ
ಬಾಗಿಲ ಭಿತ್ತಿಪತ್ರದಲ್ಲಿ
ಹೆಸರಿನ ಮೇಲಷ್ಟೇ
ಬಿಳಿ ಕಾಗದದ ಪಟ್ಟಿ ಹಚ್ಚಿಸಿದ.
ಆ ರಾತ್ರಿ ನಗುವೆಲ್ಲ ಅದರದರ ಜಾಗದಲ್ಲೇ ಬಿತ್ತು.

ನಮ್ಮ ಮನೆಯಲ್ಲಿ ಕಥೆ ಇಲ್ಲಿಗೆ ನಿಂತು
ಸೂಜಿಯ ಜಗಳ ಶುರುವಾಗುತ್ತಿತ್ತು.

ಇವತ್ತು ಅಸ್ತರಿನ ಹಿಂಬದಿ, ಎದೆಯ ಎಡಕ್ಕೆ,
ಕಂದು ನೂಲಿನ ಅಕ್ಷರ.
ಓದು ಬಾರದವನು ಚಿತ್ರದಂತೆ ಇಳಿಸಿದ್ದು:
ಒಂದಕ್ಷರ ತಲೆಕೆಳಗಾಗಿದೆ,
ಜಾಗ ಸಾಲದೆ ಕೊನೆಯದು ಪಕ್ಕದ್ದರ ಭುಜಕ್ಕೆ ಒರಗಿದೆ.
ಎರಡು ಮುಂದೆ, ಒಂದು ಹಿಂದೆ.
ಅಂಟು ಹಸಿಯಿದ್ದಾಗ
ಪಟ್ಟಿಯಡಿಯ ಹೆಸರು ನೆರಳಾಗಿ ಕಾಣುತ್ತಿತ್ತೇನೋ,
ಲಾಂದ್ರ ಹಿಡಿದು ನಿಂತಿದ್ದನೇನೋ.
ಯಾಕೆ ಹೊಲಿದ? ಕರುಣೆ ಅಂತ ನನಗನ್ನಿಸುವುದಿಲ್ಲ.
ಕೋಟು ನೋಡಿ ಹೊಗಳುವವರು
ದರ್ಜಿ ಯಾರೆಂದು ಕೇಳುವುದಿಲ್ಲ.
ಆ ಉರಿ ಅವನಿಗೆ ಗೊತ್ತಿತ್ತು, ಅಷ್ಟೆ.

ಬರೆದವನಿಗೆ ಜೈಲಿನಲ್ಲಿ ಹೆಸರಿನ ಬದಲು ನಂಬರು ಕೊಟ್ಟರು,
ಡಾಂಬರು ಹಿಡಿದ ಹಳೆಯ ಹಡಗಿನ ಹಗ್ಗ ಕೊಟ್ಟರು,
ಉಗುರಿನಿಂದ ಎಳೆ ಎಳೆ ಬಿಡಿಸಲು.
ಕಾನ್ವೆಂಟಿನ ಲೈಬ್ರರಿಯಲ್ಲಿ ಓದಿದ್ದೆ,
ಸಿಸ್ಟರ್ ನೋಡುವ ಮುಂಚೆ ಪುಟ ಮಗುಚಿದ್ದೆ.
ಹೊರಬಂದು ಬೇರೊಂದು ಹೆಸರಿಟ್ಟುಕೊಂಡ,
ಪರದೇಶದ ಅಗ್ಗದ ಹೋಟೆಲಿನಲ್ಲಿ
ಬಿಲ್ಲು ಬಾಕಿಯಿಟ್ಟು ಸತ್ತ.
ಕೊನೆಗೆ ಮದುವೆ ಇರಲಿಲ್ಲ ಈ ಸಲ.

ಬ್ಲೇಡು ಮೂಲೆಯಲ್ಲೇ ನಿಂತಿತು.
ಬಿಡಿಸಿ ಬಿಡಿಸಿ ಒಡೆದ ಬೆರಳು ನನಗೂ ಇದೆ.
ಕಿತ್ತಷ್ಟನ್ನು ಮತ್ತೆ ಹೊಲಿದು
ಹಳೆಯದರ ಮೇಲೆಯೇ
ಮಂದಣ್ಣನ ನೇರಳೆ ಸ್ಯಾಟಿನ್ ಹಾಕಿದೆ.

ಸಂಜೆ ತೊಟ್ಟು ಕನ್ನಡಿಯೆದುರು ತಿರುಗಿ
"ಎದೆಯ ಹತ್ತಿರ ಸ್ವಲ್ಪ ಬಿಗಿಯಾಯಿತಲ್ಲ?" ಎಂದರು.
"ಕೆಳಗೆ ಹಳೇದಿದೆ" ಎನ್ನಬಹುದಿತ್ತು.
"ತೊಡ್ತಾ ತೊಡ್ತಾ ಸರಿಹೋಗುತ್ತೆ" ಎಂದೆ.
ಬಾಯಲ್ಲಿ ಗುಂಡುಸೂಜಿಯಿತ್ತು.
ನಗಲಿಲ್ಲ.